ಐದು ವಾರ ಬಾಳಿದ ಗಣರಾಜ್ಯ: ಟ್ರಾನ್ಸ್‌ಕಾಕೇಷಿಯಾ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾವ ದೇಶ? ಹೆಸರನ್ನೇ ಕೇಳಿಲ್ಲವಲ್ಲ?

ಕೇಳಿರದಿದ್ದರೆ ಆಶ್ಚರ್ಯವೇನಿಲ್ಲ. 1918ರ ಏಪ್ರಿಲ್ 22ರಂದು ಹುಟ್ಟಿ, ಅದೇ ವರ್ಷ ಮೇ 26ರಂದು ಕಣ್ಣುಮುಚ್ಚಿದ ದೇಶವಿದು. ಪೂರ್ತಿ ಹೆಸರು ಟ್ರಾನ್ಸ್‌ಕಾಕೇಷಿಯನ್ ಪ್ರಜಾಸತ್ತಾತ್ಮಕ ಒಕ್ಕೂಟ ಗಣರಾಜ್ಯ. ಆಯುಸ್ಸಿಗಿಂತ ಹೆಸರೇ ಉದ್ದ. ಇಂದಿನ ಜಾರ್ಜಿಯಾ, ಆರ್ಮೇನಿಯಾ, ಅಜರ್‌ಬೈಜಾನ್ ಮೂರೂ ಸೇರಿ ಒಂದೇ ಸರ್ಕಾರದ ಅಡಿಯಲ್ಲಿದ್ದ ಐದು ವಾರಗಳವು. ರಾಜಧಾನಿ ಟಿಫ್ಲಿಸ್, ಅಂದರೆ ಈಗಿನ ಟಿಬಿಲಿಸಿ.

'ಟ್ರಾನ್ಸ್‌ಕಾಕೇಷಿಯಾ' ಎಂದರೆ ಏನು?

ಕಾಕಸಸ್ ಪರ್ವತದ ಆಚೆಗಿನ ನಾಡು ಎಂದು ಅರ್ಥ. ಯಾರಿಗೆ ಆಚೆ? ರಷ್ಯಾಕ್ಕೆ. ಉತ್ತರದಲ್ಲಿ ನಿಂತು ನೋಡುವವನಿಗೆ ಮಾತ್ರ ಅದು 'ಆಚೆ'. ಅಲ್ಲಿಯೇ ಹುಟ್ಟಿ ಬೆಳೆದವನಿಗೆ ಅದು ಬರೀ ಮನೆ. ಹೊಸ ದೇಶಕ್ಕೆ ಸ್ವಂತದ್ದೊಂದು ಹೆಸರೂ ಸಿಗದೆ, ಹಳೆಯ ಒಡೆಯ ಇಟ್ಟ ಹೆಸರನ್ನೇ ಹೊತ್ತುಕೊಳ್ಳಬೇಕಾಯಿತು ಎಂಬುದನ್ನು ಗಮನಿಸಿ. ಮುಂದಿನ ಕಥೆಯ ಅರ್ಧ ಇದರಲ್ಲೇ ಇದೆ.

ರಷ್ಯಾ ಅಲ್ಲಿಗೆ ಬಂದದ್ದು ಹೇಗೆ?

ತುಂಡು ತುಂಡಾಗಿ. 1801ರಲ್ಲಿ ಪೂರ್ವ ಜಾರ್ಜಿಯಾವನ್ನು ನುಂಗಿತು. ಪರ್ಷಿಯಾದೊಂದಿಗಿನ ಯುದ್ಧಗಳ ನಂತರ 1813 ಮತ್ತು 1828ರ ಒಪ್ಪಂದಗಳಲ್ಲಿ ಬಾಕು, ಯೆರೆವಾನ್ ಮುಂತಾದ ಪ್ರದೇಶಗಳು ಕೈಗೆ ಬಂದವು. 1878ರಲ್ಲಿ ತುರ್ಕರನ್ನು ಸೋಲಿಸಿ ಕಾರ್ಸ್, ಅರ್ದಹಾನ್, ಬಾತುಮ್‌ಗಳನ್ನು ಪಡೆಯಿತು. ಈ ಕೊನೆಯ ಮೂರು ಹೆಸರುಗಳನ್ನು ನೆನಪಿಟ್ಟುಕೊಳ್ಳಿ, ಮತ್ತೆ ಮತ್ತೆ ಬರುತ್ತವೆ.

ಅಲ್ಲಿ ಯಾರು ಯಾರು ಇದ್ದರು?

ದೊಡ್ಡ ಗುಂಪುಗಳು ಮೂರು: ಜಾರ್ಜಿಯನ್ನರು, ಆರ್ಮೇನಿಯನ್ನರು, ಅಜರ್‌ಬೈಜಾನಿಗಳು. ಅಜರ್‌ಬೈಜಾನಿಗಳನ್ನು ಆಗ ರಷ್ಯನ್ ದಾಖಲೆಗಳು 'ತಾತಾರರು' ಅಥವಾ 'ಕಾಕಸಸ್‌ನ ಮುಸ್ಲಿಮರು' ಎಂದು ಬರೆಯುತ್ತಿದ್ದವು. ಇವರಲ್ಲದೆ ರಷ್ಯನ್ನರು, ಅಬ್ಖಾಜರು, ಒಸ್ಸೇತಿಯನ್ನರು, ಕುರ್ದರು, ಯಜೀದಿಗಳು, ಗ್ರೀಕರು, ಅಸ್ಸೀರಿಯನ್ನರು.

ನಕ್ಷೆಯಲ್ಲಿ ಗೆರೆ ಎಳೆದು ಇದು ನಿನ್ನದು, ಅದು ನನ್ನದು ಎನ್ನುವಂತಿರಲಿಲ್ಲ. ಟಿಫ್ಲಿಸ್ ಜಾರ್ಜಿಯನ್ನರ ಹಳೆಯ ರಾಜಧಾನಿ, ಆದರೆ ಅಲ್ಲಿನ ವ್ಯಾಪಾರಿಗಳಲ್ಲಿ ಆರ್ಮೇನಿಯನ್ನರದೇ ದೊಡ್ಡ ಪಾಲು. 1917ರವರೆಗೆ ಅಲ್ಲಿನ ಮೇಯರ್ ಆಗಿದ್ದ ಅಲೆಕ್ಸಾಂಡರ್ ಖಾತಿಸಿಯಾನ್ ಕೂಡ ಆರ್ಮೇನಿಯನ್. ಬಾಕು ಮುಸ್ಲಿಮರ ಪ್ರದೇಶದ ನಡುವಿನ ಊರು, ಆದರೆ ತೈಲದ ಹಣಕ್ಕೆ ರಷ್ಯನ್ನರು, ಆರ್ಮೇನಿಯನ್ನರು, ಸ್ವೀಡನ್ನಿನ ನೊಬೆಲ್ ಸಹೋದರರು, ಎಲ್ಲರೂ ಅಲ್ಲಿ ಮುಗಿಬಿದ್ದಿದ್ದರು. ಯೆರೆವಾನ್ ಪ್ರಾಂತ್ಯದಲ್ಲಿ ಆರ್ಮೇನಿಯನ್ ಹಳ್ಳಿಯ ಪಕ್ಕದಲ್ಲೇ ಮುಸ್ಲಿಂ ಹಳ್ಳಿ. 1905-06ರಲ್ಲಿ ಈ ಎರಡು ಸಮುದಾಯಗಳ ನಡುವೆ ಭೀಕರ ಗಲಭೆಗಳು ನಡೆದಿದ್ದವು. ಗಾಯ ಇನ್ನೂ ಮಾಗಿರಲಿಲ್ಲ.

ಸಾಮ್ರಾಜ್ಯ ಕುಸಿದಾಗ ಇವರೆಲ್ಲ ಸ್ವಾತಂತ್ರ್ಯಕ್ಕಾಗಿ ಕಾದು ಕುಳಿತಿದ್ದರೇ?

ಇಲ್ಲ. ಹೆಚ್ಚಿನವರು ಎಡವುವುದು ಇಲ್ಲಿಯೇ. ಸಾಮ್ರಾಜ್ಯ ಬಿದ್ದೊಡನೆ ಜನ ಬೀದಿಗಿಳಿದು ಬಾವುಟ ಹಾರಿಸಿದರು ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿರುತ್ತದೆ. ಇಲ್ಲಿ ನಡೆದದ್ದು ಬೇರೆ.

1917ರಲ್ಲಿ ತ್ಸಾರ್ ದೊರೆಯನ್ನು ಕೆಳಗಿಳಿಸಿದ ಫೆಬ್ರವರಿ ಕ್ರಾಂತಿಯ ನಂತರ, ರಷ್ಯಾದ ಆಗಿನ ರಾಜಧಾನಿ ಪೆಟ್ರೊಗ್ರಾಡ್‌ನ ರಾಜಕೀಯದಲ್ಲಿ ಮುಂಚೂಣಿಯಲ್ಲಿದ್ದವರಲ್ಲಿ ಇಬ್ಬರು ಜಾರ್ಜಿಯನ್ನರು. ನಿಕೊಲಾಯ್ ಚ್ಖೇಯ್ದ್ಜೆ ಕಾರ್ಮಿಕರ, ಸೈನಿಕರ ಮಂಡಳಿಯಾದ ಪೆಟ್ರೊಗ್ರಾಡ್ ಸೋವಿಯತ್‌ನ ಅಧ್ಯಕ್ಷ. ಇರಾಕ್ಲಿ ತ್ಸೆರೆತೇಲಿ ತಾತ್ಕಾಲಿಕ ಸರ್ಕಾರದಲ್ಲಿ ಮಂತ್ರಿ. ಇಬ್ಬರೂ ಲೆನಿನ್‌ನ ಬೊಲ್ಷೆವಿಕರಿಗೆ ಎದುರಾಳಿಗಳಾದ ಮೆನ್ಷೆವಿಕ್ ಸಮಾಜವಾದಿಗಳು. ಅವರ ಕನಸು ಪ್ರಜಾಪ್ರಭುತ್ವದ ರಷ್ಯಾ. ಪುಟ್ಟ ಜಾರ್ಜಿಯಾದ ಮಾತು ಅವರಿಗೆ ಹಿಂದಕ್ಕೆ ನಡೆದಂತೆ ಕಾಣುತ್ತಿತ್ತು. ಅಕ್ಟೋಬರ್ ಕ್ರಾಂತಿಯಲ್ಲಿ ಬೊಲ್ಷೆವಿಕರು ಅಧಿಕಾರ ಹಿಡಿದರು. ಇವರು ಊರಿಗೆ ಮರಳಿದ್ದು ದೇಶ ಕಟ್ಟಲಿಕ್ಕಲ್ಲ, ರಷ್ಯಾ ಸರಿಹೋಗುವವರೆಗೆ ಮನೆ ಕಾಯಲಿಕ್ಕೆ.

ಹಾಗಾಗಿ 1917ರ ನವೆಂಬರ್‌ನಲ್ಲಿ ಯೆವ್ಗೆನಿ ಗೆಗೆಚ್ಕೋರಿ ನೇತೃತ್ವದಲ್ಲಿ ರಚನೆಯಾದದ್ದು ಸರ್ಕಾರವಲ್ಲ, 'ಟ್ರಾನ್ಸ್‌ಕಾಕೇಷಿಯನ್ ಕಮಿಸರಿಯೇಟ್'. ರಷ್ಯಾದ ಸಂವಿಧಾನ ಸಭೆ ಸೇರುವ ತನಕ ನಿಭಾಯಿಸುವ ತಾತ್ಕಾಲಿಕ ಏರ್ಪಾಡು. 1918ರ ಜನವರಿಯಲ್ಲಿ ಲೆನಿನ್ ಆ ಸಭೆಯನ್ನೇ ಚದುರಿಸಿದ. ಕಾಯುವುದಕ್ಕೆ ಏನೂ ಉಳಿಯಲಿಲ್ಲ. ಆಗ ಟಿಫ್ಲಿಸ್‌ನಲ್ಲಿ 'ಸೇಯ್ಮ್' ಎಂಬ ಶಾಸನಸಭೆ ಸೇರಿತು. ಮೊದಲ ಸಭೆ ಫೆಬ್ರವರಿ 23ರಂದು, ಅಧ್ಯಕ್ಷ ಚ್ಖೇಯ್ದ್ಜೆ. ಮೂರು ದೊಡ್ಡ ಪಕ್ಷಗಳು, ಬಹುಮಟ್ಟಿಗೆ ಮೂರು ಜನಾಂಗಗಳು: ಜಾರ್ಜಿಯನ್ನರ ಮೆನ್ಷೆವಿಕ್, ಅಜರ್‌ಬೈಜಾನಿಗಳ ಮುಸಾವಾತ್, ಆರ್ಮೇನಿಯನ್ನರ ದಶ್ನಾಕ್. ಮೂವರಿಗೂ ಹೆಚ್ಚುಕಡಿಮೆ ಸಮಾನ ಬಲ. ಯಾರೊಬ್ಬರೂ ಇನ್ನಿಬ್ಬರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ, ಕಟ್ಟಿಕೊಂಡು ನಡೆಯುವುದೂ ಕಷ್ಟ.

ಹಾಗಾದರೆ ಸ್ವಾತಂತ್ರ್ಯ ಘೋಷಿಸಿದ್ದೇಕೆ?

ಎದುರಾಳಿ ಕೇಳಿದ ಒಂದು ಪ್ರಶ್ನೆಯಿಂದ.

ಮೊದಲ ಮಹಾಯುದ್ಧದಲ್ಲಿ ರಷ್ಯನ್ ಸೇನೆ ಅನಾತೋಲಿಯಾದ, ಅಂದರೆ ಇಂದಿನ ತುರ್ಕಿಯ, ಒಳಗೆ ಎರ್ಜುರುಮ್, ತ್ರಾಬ್‌ಜಾನ್‌ಗಳವರೆಗೆ ಮುನ್ನುಗ್ಗಿತ್ತು. ಕ್ರಾಂತಿಯ ಸುದ್ದಿ ಬಂದ ಮೇಲೆ ಸೈನಿಕರು ಬಂದೂಕು ಹೆಗಲಿಗೇರಿಸಿ ರೈಲು ಹತ್ತಿ ಊರಿಗೆ ಹೊರಟರು. ಮುಂಚೂಣಿ ಬರಿದಾಯಿತು. ಅಲ್ಲಲ್ಲಿ ಉಳಿದಿದ್ದು ಆರ್ಮೇನಿಯನ್ ಮತ್ತು ಜಾರ್ಜಿಯನ್ ತುಕಡಿಗಳಷ್ಟೇ. ತುರ್ಕರ ಒಟ್ಟೊಮನ್ ಸಾಮ್ರಾಜ್ಯದ ಸೇನೆ ಕಳೆದುಕೊಂಡ ನೆಲವನ್ನು ನಡೆದುಕೊಂಡೇ ವಾಪಸ್ ಪಡೆಯತೊಡಗಿತು.

ಮಾರ್ಚ್ 3ರಂದು ಬ್ರೆಸ್ಟ್-ಲಿಟೋವ್‌ಸ್ಕ್‌ನಲ್ಲಿ ಬೊಲ್ಷೆವಿಕ್ ರಷ್ಯಾ ಜರ್ಮನಿ, ಒಟ್ಟೊಮನ್ನರು ಮುಂತಾದವರೊಂದಿಗೆ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿ ಕಾರ್ಸ್, ಅರ್ದಹಾನ್, ಬಾತುಮ್‌ಗಳನ್ನು ಬಿಟ್ಟುಕೊಟ್ಟಿತು. ಟಿಫ್ಲಿಸ್‌ನವರನ್ನು ಯಾರೂ ಕೇಳಲಿಲ್ಲ. ಇದೇ ಮಾರ್ಚ್‌ನಲ್ಲಿ ಅಕಾಕಿ ಚ್ಖೆನ್‌ಕೇಲಿ ನೇತೃತ್ವದ ನಿಯೋಗ ತ್ರಾಬ್‌ಜಾನ್‌ಗೆ ಸಂಧಾನಕ್ಕೆ ಹೋಯಿತು. ಆ ಒಪ್ಪಂದ ನಮಗೆ ಅನ್ವಯಿಸುವುದಿಲ್ಲ ಎಂಬುದು ನಿಯೋಗದ ವಾದ. ಎದುರು ಕುಳಿತ ಒಟ್ಟೊಮನ್ ನಿಯೋಗದ ಮುಖ್ಯಸ್ಥ ರವೂಫ್ ಬೇ ಕೇಳಿದ್ದರ ಸಾರ ಇಷ್ಟು: ನೀವು ಯಾರು? ರಷ್ಯಾದ ಭಾಗವಾದರೆ ರಷ್ಯಾ ಹಾಕಿದ ಸಹಿ ನಿಮಗೂ ಅನ್ವಯಿಸುತ್ತದೆ. ಅಲ್ಲವಾದರೆ ಪ್ರತ್ಯೇಕ ದೇಶವೆಂದು ಘೋಷಿಸಿಕೊಂಡು ಬನ್ನಿ, ಮಾತನಾಡೋಣ.

ಉತ್ತರವಿರಲಿಲ್ಲ. ಹೌದೆಂದರೂ ಸಿಕ್ಕಿಬೀಳುವ, ಅಲ್ಲವೆಂದರೂ ಸಿಕ್ಕಿಬೀಳುವ ಪ್ರಶ್ನೆ. ಏಪ್ರಿಲ್ ಮಧ್ಯದಲ್ಲಿ ರೋಷ ಉಕ್ಕಿ ಸೇಯ್ಮ್ ಒಟ್ಟೊಮನ್ನರ ವಿರುದ್ಧ ಯುದ್ಧ ಮುಂದುವರಿಸುವುದಾಗಿ ಸಾರಿತು. ಇನ್ನೂ ದೇಶವೇ ಆಗಿರದವರು ಒಂದು ಸಾಮ್ರಾಜ್ಯದ ಮೇಲೆ ಯುದ್ಧ ಹೂಡಿದ್ದರು! ಅದರ ಬೆನ್ನಲ್ಲೇ ಬಾತುಮ್ ಹೆಚ್ಚು ಪ್ರತಿರೋಧವಿಲ್ಲದೆ ಬಿದ್ದುಹೋಯಿತು. ಮುಸಾವಾತ್‌ನವರು, ನಮ್ಮದೇ ಧರ್ಮದ, ನಮ್ಮದೇ ನುಡಿಬಳಗದ ತುರ್ಕರ ಮೇಲೆ ನಾವು ಬಂದೂಕು ಹಿಡಿಯುವುದಿಲ್ಲ ಎಂದರು. ಒಂದೇ ವಾರದಲ್ಲಿ ಯುದ್ಧದ ಮಾತು ಹೋಗಿ ಸ್ವಾತಂತ್ರ್ಯದ ಮಾತು ಬಂತು. ಏಪ್ರಿಲ್ 22ರಂದು ನಿರ್ಣಯ ಅಂಗೀಕಾರವಾಯಿತು. ಮುಸಾವಾತ್‌ಗೆ ಖುಷಿ, ಮೆನ್ಷೆವಿಕರಿಗೆ ನಿರ್ವಾಹವಿಲ್ಲ, ದಶ್ನಾಕರಿಗೆ ಭಯ. ರಷ್ಯಾ ಒಡೆಯಬಾರದೆಂದ ಸಣ್ಣ ಪಕ್ಷಗಳವರು ವಿರೋಧಿಸಿ ಮಾತನಾಡಿದರು.

ಜಾಮೀನಿಗೆ ಹಾಕುವ ಸಹಿಯಂತೆ ಸ್ವಾತಂತ್ರ್ಯಕ್ಕೆ ಸಹಿ ಹಾಕಿದ ಇಂಥ ಇನ್ನೊಂದು ಪ್ರಸಂಗ ನನಗೆ ಚಟ್ಟನೆ ನೆನಪಾಗುವುದಿಲ್ಲ.

ಕೆಲವು ಕಡೆ ಏಪ್ರಿಲ್ 9 ಎಂದಿದೆಯಲ್ಲ, ಯಾವುದು ಸರಿ?

ಎರಡೂ ಒಂದೇ ದಿನ. ರಷ್ಯನ್ ಸಾಮ್ರಾಜ್ಯ ಬಳಸುತ್ತಿದ್ದ ಹಳೆಯ ಜೂಲಿಯನ್ ಪಂಚಾಂಗ 13 ದಿನ ಹಿಂದಿತ್ತು. ಇಲ್ಲಿ ಕೊಟ್ಟಿರುವ ದಿನಾಂಕಗಳೆಲ್ಲ ಹೊಸ ಲೆಕ್ಕ; ಫೆಬ್ರವರಿ, ಅಕ್ಟೋಬರ್ ಕ್ರಾಂತಿಗಳ ಹೆಸರು ಮಾತ್ರ ಹಳೆಯ ಲೆಕ್ಕದ್ದು.

ಸರ್ಕಾರದಲ್ಲಿ ಯಾರಿದ್ದರು?

ಚ್ಖೆನ್‌ಕೇಲಿಯೇ ಪ್ರಧಾನಿ, ವಿದೇಶಾಂಗ ಮಂತ್ರಿಯೂ ಅವನೇ. ಒಟ್ಟು 13 ಜನರ ಸಂಪುಟ. ಗೃಹ ಖಾತೆ ಜಾರ್ಜಿಯಾದ ನೋಯೆ ರಮಿಷ್ವೀಲಿಗೆ, ನ್ಯಾಯ ಖಾತೆ ಅಜರ್‌ಬೈಜಾನಿನ ಫತಾಲಿ ಖಾನ್ ಖೊಯ್‌ಸ್ಕಿಗೆ. ಹಣಕಾಸು ನೋಡಿಕೊಂಡವನು ಮೇಯರ್ ಆಗಿದ್ದ ಖಾತಿಸಿಯಾನ್. ಇನ್ನೊಬ್ಬ ಆರ್ಮೇನಿಯನ್ ಮಂತ್ರಿ ಹೊವ್ಹಾನ್ನೆಸ್ ಕಚಜ್ನೂನಿ.

ಈ ಪಟ್ಟಿಯಲ್ಲಿ ಒಂದು ವಿಚಿತ್ರವಿದೆ. ದೇಶ ಒಡೆದ ಮೇಲೆ ಜಾರ್ಜಿಯಾ ಸರ್ಕಾರದ ಮೊದಲ ಮುಖ್ಯಸ್ಥನಾದವನು ರಮಿಷ್ವೀಲಿ, ಅಜರ್‌ಬೈಜಾನಿನ ಮೊದಲ ಪ್ರಧಾನಿ ಖೊಯ್‌ಸ್ಕಿ, ಆರ್ಮೇನಿಯಾದ ಮೊದಲ ಪ್ರಧಾನಿ ಕಚಜ್ನೂನಿ. ಮೇ ತಿಂಗಳಲ್ಲಿ ಒಂದೇ ಸಂಪುಟದಲ್ಲಿದ್ದ ಮೂವರು ಬೇಸಗೆ ಮುಗಿಯುವುದರೊಳಗೆ ಮೂರು ದೇಶಗಳ ಪ್ರಧಾನಿಗಳು.

ಮೂರು ಭಾಷೆಯವರು ಒಬ್ಬರಿಗೊಬ್ಬರು ಮಾತನಾಡುತ್ತಿದ್ದದ್ದು ಹೇಗೆ?

ರಷ್ಯನ್ ಭಾಷೆಯಲ್ಲಿ. ರಷ್ಯಾದಿಂದ ಬಿಡುಗಡೆಯ ನಿರ್ಣಯವನ್ನು ಚರ್ಚಿಸಿದ್ದೂ ರಷ್ಯನ್ನಿನಲ್ಲೇ.

ಬಾಕುವಿನ ತೈಲ ಇತ್ತಲ್ಲ, ದುಡ್ಡಿಗೆ ಏನು ಕೊರತೆ?

ಬಾಕು ಇವರ ಕೈಯಲ್ಲೇ ಇರಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಗತ್ತಿನ ತೈಲದ ಅರ್ಧದಷ್ಟು ಕೊಟ್ಟ ಊರದು. ತೈಲವನ್ನು ಕಪ್ಪು ಸಮುದ್ರಕ್ಕೆ ಸಾಗಿಸುವ ಬಾಕು-ಬಾತುಮ್ ರೈಲು ದಾರಿ 1883ರಷ್ಟು ಹಳೆಯದು. ಆದರೆ 1918ರಲ್ಲಿ ಬಾಕುವನ್ನು ಆಳುತ್ತಿದ್ದದ್ದು ಸ್ತೆಪಾನ್ ಶೌಮ್ಯಾನ್ ನೇತೃತ್ವದ ಬೊಲ್ಷೆವಿಕ್ ಸೋವಿಯತ್. ಮಾರ್ಚ್ ಕೊನೆಯ ದಿನಗಳಲ್ಲಿ ಬೊಲ್ಷೆವಿಕರು ಮತ್ತು ಆರ್ಮೇನಿಯನ್ ಪಡೆಗಳು ಸೇರಿ ಅಲ್ಲಿನ ಸಾವಿರಾರು ಮುಸ್ಲಿಮರನ್ನು ಕೊಂದಿದ್ದರು. ದಾರಿಯ ಒಂದು ತುದಿ ಬೊಲ್ಷೆವಿಕರದು, ಇನ್ನೊಂದು ತುದಿ ಒಟ್ಟೊಮನ್ನರದು. ನಡುವಿನ ಹಳಿ ಮಾತ್ರ ಗಣರಾಜ್ಯದ್ದು.

ನೋಟು, ನಾಣ್ಯ?

ನಾಣ್ಯವಿಲ್ಲ, ನೋಟಿತ್ತು. ಕಮಿಸರಿಯೇಟ್ ಇದ್ದಾಗಲೇ, 1918ರ ಆರಂಭದಲ್ಲಿ, ರಷ್ಯಾದಿಂದ ರೂಬಲ್ ಬರುವುದು ನಿಂತುಹೋಗಿದ್ದಕ್ಕೆ ಟಿಫ್ಲಿಸ್‌ನಲ್ಲೇ ಮುದ್ರಿಸಿದ್ದು. ಜನ ಇದನ್ನು 'ಬೋನ್' ಎನ್ನುತ್ತಿದ್ದರು. ಒಂದು ರೂಬಲ್‌ನಿಂದ 250 ರೂಬಲ್‌ವರೆಗೆ. ಮುಂಭಾಗದಲ್ಲಿ ರಷ್ಯನ್. ಮಗುಚಿದರೆ ಹಿಂಭಾಗದಲ್ಲಿ ಮೂರು ಲಿಪಿಗಳು: ಜಾರ್ಜಿಯನ್ನಿನ ದುಂಡು ಅಕ್ಷರ, ಆರ್ಮೇನಿಯನ್ನಿನ ಕೊಕ್ಕೆ ಅಕ್ಷರ, ಅರಬ್ಬಿ ಲಿಪಿಯಲ್ಲಿ ತುರ್ಕಿ ನುಡಿ. ಮೂರು ಲಿಪಿಗಳಿಗೂ ಪರಸ್ಪರ ಹೋಲಿಕೆಯೇ ಇಲ್ಲ. ಒಂದೊಂದು ಭಾಷೆಯವನೂ ತನ್ನ ಸಾಲನ್ನು ಮಾತ್ರ ಓದಿಕೊಂಡು ಜೇಬಿಗೆ ಹಾಕಿಕೊಳ್ಳಬೇಕು. ನೋಟು ಸಂಗ್ರಹಿಸುವವರ ಬಳಿ ಇವು ಇಂದಿಗೂ ಇವೆ. ಆ ದೇಶವನ್ನು ಕಣ್ಣಾರೆ ನೋಡಬೇಕೆನ್ನುವವರು ಇದರ ಚಿತ್ರ ನೋಡಿದರೆ ಸಾಕು.

ಕಾರ್ಸ್ ಕೋಟೆಯ ವಿಷಯ ಏನು? ಆರ್ಮೇನಿಯನ್ನರು ಇಂದಿಗೂ ಚ್ಖೆನ್‌ಕೇಲಿಯನ್ನು ಬೈಯುತ್ತಾರಂತೆ?

ಬೈಯುವುದಕ್ಕೆ ಕಾರಣವಿದೆ. ಕಾರ್ಸ್ ಆ ಗಡಿಯ ದೊಡ್ಡ ಕೋಟೆ, ಅದನ್ನು ಕಾಯುತ್ತಿದ್ದವರು ಆರ್ಮೇನಿಯನ್ ಸೈನಿಕರು. ಸ್ವಾತಂತ್ರ್ಯ ಘೋಷಣೆಯಾದ ಕೂಡಲೇ, ಸಂಪುಟ ಇನ್ನೂ ಅಧಿಕೃತವಾಗಿ ರಚನೆಯಾಗುವ ಮೊದಲೇ, ಚ್ಖೆನ್‌ಕೇಲಿ ಕೋಟೆ ಬಿಟ್ಟುಕೊಡುವಂತೆ ಸೇನಾನಿ ನಜರ್‌ಬೇಕಿಯಾನ್‌ಗೆ ಆದೇಶ ಕಳುಹಿಸಿದ. ಆರ್ಮೇನಿಯನ್ ಸಹೋದ್ಯೋಗಿಗಳಿಗೆ ಒಂದು ಮಾತು ಹೇಳಲಿಲ್ಲ. ಏಪ್ರಿಲ್ 25ರಂದು ಕೋಟೆ ಖಾಲಿಯಾಯಿತು. ಊರಿನ ಆರ್ಮೇನಿಯನ್ನರು ಗಂಟುಮೂಟೆ ಕಟ್ಟಿಕೊಂಡು ಪೂರ್ವದ ದಾರಿ ಹಿಡಿದರು. ಒಟ್ಟೊಮನ್ ನಾಡಿನಲ್ಲಿ ನಡೆದ 1915ರ ಆರ್ಮೇನಿಯನ್ನರ ನರಮೇಧದಿಂದ ತಪ್ಪಿಸಿಕೊಂಡು ಬಂದ ಲಕ್ಷಾಂತರ ನಿರಾಶ್ರಿತರು ಆಗಲೇ ಆ ನಾಡಿನಲ್ಲಿ ತುಂಬಿದ್ದರು ಎಂಬುದನ್ನು ಮರೆಯಬಾರದು. ತುರ್ಕರು ಬರುತ್ತಿದ್ದಾರೆ ಎಂಬ ಮಾತು ಅವರಿಗೆ ರಾಜಕೀಯದ ಸುದ್ದಿಯಲ್ಲ, ಪ್ರಾಣದ ಪ್ರಶ್ನೆ.

ಇಂಥ ಪ್ರಧಾನಿ ಬೇಡವೆಂದು ಆರ್ಮೇನಿಯನ್ನರು ಪಟ್ಟು ಹಿಡಿದರು. ಆದರೆ ಬಿಟ್ಟುಹೋದರೆ ಒಬ್ಬಂಟಿಯಾಗಿ ಒಟ್ಟೊಮನ್ ಸೇನೆಯೆದುರು ನಿಲ್ಲಬೇಕಿತ್ತು. ಹಲ್ಲು ಕಚ್ಚಿಕೊಂಡು ಸಂಪುಟ ಸೇರಿದರು.

ಬಾತುಮ್ ಸಂಧಾನದಲ್ಲಿ ಏನಾಯಿತು?

ಮೇ 11ರಂದು ಶುರು. ಈಗ ದೇಶವಾಗಿ ಬಂದಿದ್ದೇವೆ, ಬ್ರೆಸ್ಟ್-ಲಿಟೋವ್‌ಸ್ಕ್‌ನಂತೆ ಕೊಟ್ಟು ಮುಗಿಸೋಣ ಎಂದುಕೊಂಡು ಹೋದವರಿಗೆ ಒಟ್ಟೊಮನ್ನರ ಪರವಾಗಿ ಬಂದಿದ್ದ ಹಲೀಲ್ ಬೇ ಹೊಸ ಪಟ್ಟಿ ಕೊಟ್ಟ. ನಡುವೆ ರಕ್ತ ಹರಿದಿದೆ, ಹಳೆಯ ಬೆಲೆ ಈಗ ನಡೆಯುವುದಿಲ್ಲ ಎಂಬ ಧಾಟಿ. ಅಖಲ್ತ್ಸಿಖೆ, ಅಖಲ್ಕಲಾಕಿ ಬೇಕು, ಅಲೆಕ್ಸಾಂಡ್ರೊಪೋಲ್ ಬೇಕು, ಪರ್ಷಿಯಾದ ಗಡಿಯ ಜುಲ್ಫಾವರೆಗಿನ ರೈಲು ದಾರಿ ಬೇಕು. ಮಾತುಕತೆ ನಡೆಯುತ್ತಿರುವಾಗಲೇ, ಮೇ 15ರಂದು ಅಲೆಕ್ಸಾಂಡ್ರೊಪೋಲ್ ಒಟ್ಟೊಮನ್ನರ ವಶವಾಯಿತು.

ಮೇಜಿನ ಪಕ್ಕದಲ್ಲಿ ಇನ್ನೊಬ್ಬ ಕುಳಿತಿದ್ದ: ಜರ್ಮನಿಯ ಜನರಲ್ ಒಟ್ಟೊ ಫಾನ್ ಲೊಸ್ಸೊವ್. ಜರ್ಮನಿ ಒಟ್ಟೊಮನ್ನರ ಮಿತ್ರ. ಆದರೆ ಬಾಕುವಿನ ತೈಲ, ಚಿಯಾತುರಾದ ಮ್ಯಾಂಗನೀಸ್ ಅದಕ್ಕೂ ಬೇಕಿತ್ತು. ಎಲ್ಲವೂ ತುರ್ಕರ ಪಾಲಾಗುವುದು ಅದಕ್ಕೆ ಇಷ್ಟವಿರಲಿಲ್ಲ. ಜಾರ್ಜಿಯನ್ನರು ತಮ್ಮಷ್ಟಕ್ಕೇ ಜರ್ಮನರೊಂದಿಗೆ ಮಾತಿಗಿಳಿದರು. ನಮ್ಮನ್ನು ಕಾಪಾಡಿ ಎಂದರೆ, ಮೊದಲು ನೀವೊಂದು ದೇಶವಾಗಿ ಎಂಬ ಉತ್ತರವೇ ಇಲ್ಲಿಯೂ. ಈ ಬಾರಿ 'ನೀವು' ಎಂದರೆ ಜಾರ್ಜಿಯಾ ಮಾತ್ರ.

ಕೊನೆಯ ದಿನ?

ಮೇ 26. ಸೇಯ್ಮ್ ಕೊನೆಯ ಬಾರಿ ಸೇರಿತು. ಸ್ವಾತಂತ್ರ್ಯದ ವಿಷಯದಲ್ಲಿ ಮೊದಲಿನಿಂದಲೂ ಇಲ್ಲಿನ ಜನಾಂಗಗಳಲ್ಲಿ ಒಗ್ಗಟ್ಟಿರಲಿಲ್ಲ, ಈ ಗಣರಾಜ್ಯ ಕಾರ್ಯತಃ ಮುಗಿದಿದೆ ಎಂಬರ್ಥದಲ್ಲಿ ತ್ಸೆರೆತೇಲಿ ಮಾತನಾಡಿದ. ಮುಸಾವಾತ್‌ನವರು ತಪ್ಪನ್ನು ಜಾರ್ಜಿಯನ್ನರ ಮೇಲೆ ಹೊರಿಸಿದರು. ಸಭೆ ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ಅದೇ ದಿನ, ಅದೇ ಊರಲ್ಲಿ ಜಾರ್ಜಿಯಾ ಸ್ವತಂತ್ರವಾಯಿತು. 28ರಂದು ಅಜರ್‌ಬೈಜಾನ್, ಅದೂ ಟಿಫ್ಲಿಸ್‌ನಲ್ಲೇ, ಏಕೆಂದರೆ ಬಾಕುವಿಗೆ ಕಾಲಿಡುವಂತಿರಲಿಲ್ಲ. ಆರ್ಮೇನಿಯನ್ ರಾಷ್ಟ್ರೀಯ ಮಂಡಳಿ ಕುಳಿತಿದ್ದದ್ದೂ ಟಿಫ್ಲಿಸ್‌ನಲ್ಲೇ. ಅವರ ಸ್ವಾತಂತ್ರ್ಯದ ದಿನವೂ ಮೇ 28. ಅವರ ಘೋಷಣೆಯಲ್ಲಿ ಸಂಭ್ರಮದ ಸುಳಿವಿಲ್ಲ. ಆ ಹೊತ್ತಿಗೆ ಯೆರೆವಾನ್ ಸಮೀಪದ ಸರ್ದರಾಪಾತ್‌ನಲ್ಲಿ ಸೈನಿಕರು, ರೈತರು, ಪಾದ್ರಿಗಳು ಸೇರಿ ಒಟ್ಟೊಮನ್ ಸೇನೆಯನ್ನು ತಡೆದು ನಿಲ್ಲಿಸಿದ್ದರು. ಆ ಗೆಲುವು ಇರದಿದ್ದರೆ ಘೋಷಿಸಲು ನೆಲವೇ ಇರುತ್ತಿರಲಿಲ್ಲ.

ಜೂನ್ 4ರಂದು ಮೂವರೂ ಬೇರೆ ಬೇರೆಯಾಗಿ ಬಾತುಮ್‌ನಲ್ಲಿ ಒಟ್ಟೊಮನ್ನರೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿದರು.

ಮೂರು ಜನಾಂಗಗಳ ದ್ವೇಷದಿಂದಲೇ ಈ ದೇಶ ಒಡೆಯಿತು ಎನ್ನಬಹುದೇ?

ಹಾಗೆ ಹೇಳಿ ಕೈತೊಳೆದುಕೊಳ್ಳುವುದು ಸುಲಭ. ದ್ವೇಷವಿತ್ತು, ರಕ್ತಪಾತವೂ ಆಗಿತ್ತು, ಇಲ್ಲವೆನ್ನುತ್ತಿಲ್ಲ. ಆದರೆ ಅಕ್ಕಪಕ್ಕದವರ ಮೇಲೆ ಸಿಟ್ಟಿಟ್ಟುಕೊಂಡೇ ಒಂದು ಸೂರಿನಡಿ ಬಾಳುವ ಜನ ಎಲ್ಲ ಕಡೆಯೂ ಇದ್ದಾರೆ. ನನ್ನ ದೃಷ್ಟಿಯಲ್ಲಿ ಇವರನ್ನು ಒಡೆದದ್ದು ಭಯ ಬೇರೆ ಬೇರೆಯಾಗಿದ್ದದ್ದು. ಒಕ್ಕೂಟ ಹುಟ್ಟುವುದು ಸಾಮಾನ್ಯವಾಗಿ ಒಬ್ಬನೇ ಶತ್ರುವಿನ ಎದುರು. ಇಲ್ಲಿ ಬಾಗಿಲು ತಟ್ಟುತ್ತಿದ್ದವನು ಆರ್ಮೇನಿಯನ್ನನಿಗೆ ಯಮ, ಅಜರ್‌ಬೈಜಾನಿಗೆ ನೆಂಟ. ಜಾರ್ಜಿಯನ್ನನಿಗೆ, ಬೆಲೆ ಕುದುರಿದರೆ ಸಾಗಹಾಕಬಹುದಾದ, ಸಾಲ ವಸೂಲಿಗೆ ಬಂದವನು. ಇಂಥ ಮನೆಯಲ್ಲಿ ಬಾಗಿಲು ತೆರೆಯಬೇಕೋ ಬೇಡವೋ ಎಂಬುದೇ ತೀರ್ಮಾನವಾಗುವುದಿಲ್ಲ.

ಜಾರ್ಜಿಯನ್ನರೇ ಮೊದಲು ಕೈಬಿಟ್ಟರು ಎಂಬ ಆರೋಪದಲ್ಲಿ ಹುರುಳಿದೆ. ಆದರೆ ಮೇ 26ರ ಹೊತ್ತಿಗೆ ಹಿಡಿದುಕೊಳ್ಳಲು ಏನಾದರೂ ಉಳಿದಿತ್ತೇ ಎಂದೂ ಕೇಳಬೇಕು.

ಇದೂ ಸೋವಿಯತ್ ಕಾಲದ ಟ್ರಾನ್ಸ್‌ಕಾಕೇಷಿಯನ್ ಗಣರಾಜ್ಯವೂ ಒಂದೇನಾ?

ಅಲ್ಲ. ಕೆಂಪು ಸೇನೆ 1920ರ ಏಪ್ರಿಲ್‌ನಲ್ಲಿ ಬಾಕು ಹಿಡಿಯಿತು, ವರ್ಷದ ಕೊನೆಗೆ ಆರ್ಮೇನಿಯಾ, 1921ರ ಫೆಬ್ರವರಿಯಲ್ಲಿ ಟಿಫ್ಲಿಸ್. 1922ರಲ್ಲಿ ಮೂರನ್ನೂ ಮತ್ತೆ ಒಟ್ಟುಗೂಡಿಸಿ ಸೋವಿಯತ್ ಒಕ್ಕೂಟ ಗಣರಾಜ್ಯ ಮಾಡಿದರು. ಅದು 1936ರವರೆಗೆ ಇತ್ತು. ಮಾಸ್ಕೋದ ಹಗ್ಗದಲ್ಲಿ ಕಟ್ಟಿದ್ದರಿಂದ ಐದು ವಾರಕ್ಕಿಂತ ಹೆಚ್ಚು ಬಾಳಿತು.

ಆ ಸಂಪುಟದವರು ಮುಂದೆ ಏನಾದರು?

ಖೊಯ್‌ಸ್ಕಿಯನ್ನು 1920ರ ಜೂನ್‌ನಲ್ಲಿ ಟಿಫ್ಲಿಸ್‌ನ ಬೀದಿಯಲ್ಲಿ ಆರ್ಮೇನಿಯನ್ ಸೇಡಿನ ತಂಡದವರು ಗುಂಡಿಟ್ಟು ಕೊಂದರು. ರಮಿಷ್ವೀಲಿ ದೇಶಭ್ರಷ್ಟನಾಗಿ ಪ್ಯಾರಿಸ್ ಸೇರಿದ, 1930ರಲ್ಲಿ ಅಲ್ಲೇ ಹತನಾದ. ಕಚಜ್ನೂನಿ 1920ರ ದಶಕದಲ್ಲಿ ಸೋವಿಯತ್ ಆರ್ಮೇನಿಯಾಕ್ಕೆ ನಂಬಿಕೊಂಡು ಮರಳಿದ. ಸ್ಟಾಲಿನ್ ಕಾಲದ ಬಂಧನಗಳಲ್ಲಿ ಸಿಕ್ಕಿ 1938ರಲ್ಲಿ ಸೆರೆಮನೆಯಲ್ಲಿ ಸತ್ತ. ಒಂದು ಕಾಲಕ್ಕೆ ಪೆಟ್ರೊಗ್ರಾಡ್ ಸೋವಿಯತ್‌ನ ಅಧ್ಯಕ್ಷನಾಗಿದ್ದ ಚ್ಖೇಯ್ದ್ಜೆ 1926ರಲ್ಲಿ ಫ್ರಾನ್ಸಿನಲ್ಲಿ ಆತ್ಮಹತ್ಯೆ ಮಾಡಿಕೊಂಡ. ಚ್ಖೆನ್‌ಕೇಲಿಗೆ ಮಾತ್ರ ದೀರ್ಘಾಯುಷ್ಯ: 1959ರಲ್ಲಿ, ಪ್ಯಾರಿಸ್‌ನಲ್ಲಿ.

ಇಂದಿನ ಜಗಳಗಳಿಗೂ ಇದಕ್ಕೂ ಸಂಬಂಧವಿದೆಯೇ?

ಇದೆ. ಒಂದೇ ದೇಶವಾಗಿದ್ದಾಗ ಒಳಗಿನ ಗಡಿ ಎಲ್ಲಿ ಎಂದು ಯಾರೂ ಗುರುತು ಹಾಕಲಿಲ್ಲ. ರಾತ್ರೋರಾತ್ರಿ ಮೂರಾದಾಗ ಕಾರಾಬಾಖ್, ನಖಿಚೆವಾನ್, ಜಂಗೆಜೂರ್, ಲೋರಿ ಎಲ್ಲವೂ ಇಬ್ಬಿಬ್ಬರ ಹಕ್ಕಿನವಾದವು. 1918ರ ಡಿಸೆಂಬರ್‌ನಲ್ಲೇ ಜಾರ್ಜಿಯಾ ಮತ್ತು ಆರ್ಮೇನಿಯಾ ಲೋರಿಗಾಗಿ ಹೊಡೆದಾಡಿದವು. ಕಾರಾಬಾಖ್‌ನ ಕಥೆ 2023ರ ಸೆಪ್ಟೆಂಬರ್‌ನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಆರ್ಮೇನಿಯನ್ನರು ಊರು ಬಿಟ್ಟು ಹೋಗುವವರೆಗೂ ಬೆಳೆಯಿತು.

ಭಾರತಕ್ಕೂ ಆ ನಾಡಿಗೂ ಏನಾದರೂ ನಂಟು?

ಈ ಗಣರಾಜ್ಯಕ್ಕಿಲ್ಲ, ಆ ನೆಲಕ್ಕಿದೆ. ಬಾಕು ಬಳಿಯ ಸುರಾಖಾನಿಯಲ್ಲಿ, ನೆಲದಿಂದ ಹೊಮ್ಮುವ ಅನಿಲಕ್ಕೆ ಹೊತ್ತಿಕೊಂಡ ಬೆಂಕಿಯ ಸುತ್ತ ಕಟ್ಟಿದ 'ಆತೆಶ್‌ಗಾಹ್' ಎಂಬ ಗುಡಿಯಿದೆ. ಉತ್ತರ ಭಾರತದಿಂದ ಹೋದ ವರ್ತಕರು, ಸಾಧುಗಳು ಅಲ್ಲಿ ತಂಗುತ್ತಿದ್ದರು. ಗೋಡೆಯ ಮೇಲೆ ದೇವನಾಗರಿ, ಗುರುಮುಖಿ ಶಾಸನಗಳಿವೆ, ಗಣೇಶನ ಸ್ತುತಿಯೂ ಇದೆ.

ಏಪ್ರಿಲ್ 22ನ್ನು ಈಗ ಯಾರಾದರೂ ಆಚರಿಸುತ್ತಾರೆಯೇ?

ಇಲ್ಲ. ಮೇ 26 ಜಾರ್ಜಿಯಾದ ರಾಷ್ಟ್ರೀಯ ದಿನ, ಮೇ 28ನ್ನು ಅಜರ್‌ಬೈಜಾನ್ ಮತ್ತು ಆರ್ಮೇನಿಯಾ ಆಚರಿಸುತ್ತವೆ. ಹುಟ್ಟಿದ ದಿನವನ್ನು ಎಲ್ಲರೂ ಮರೆತಿದ್ದಾರೆ, ಪಾಲಾದ ದಿನಗಳಿಗೆ ಮಾತ್ರ ರಜೆ.

ಪಾಲಾಗದೆ ಕೆಲಕಾಲ ಉಳಿದದ್ದು ಆ ನೋಟುಗಳು. ಮೂರೂ ದೇಶಗಳು ಗಡಿಗಾಗಿ ಬಡಿದಾಡುತ್ತಿದ್ದಾಗಲೂ, 1919ರಲ್ಲಿಯೂ, ಟಿಫ್ಲಿಸ್ ಮತ್ತು ಯೆರೆವಾನ್ ಸಂತೆಗಳಲ್ಲಿ ಮೂರು ಲಿಪಿಯ ಅದೇ ಬೋನ್ ಕೊಟ್ಟು ಜನ ರೊಟ್ಟಿ ಕೊಳ್ಳುತ್ತಿದ್ದರು.